ರೊಟ್ಟಿಯ ಬುಟ್ಟಿ ಹೊರಿಸಿದ್ದು

ಅಕ್ಕಲಕೋಟೆ ಕಡೆಯ ನಾಗಣಸೂರಿನ ಹತ್ತಿರದ ಆ ಹಳ್ಳಿಗೂ ನನಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಸಂಬಳವಿಲ್ಲದೆ ಪಾಠ ಹೇಳುತ್ತೇನೆಂದು ಮೈಸೂರಿನಿಂದ ಹೋಗಿದ್ದೆ. ಐವತ್ತರ ದಶಕದ ಕೊನೆ; ನಮ್ಮವರಿಗೆ ಮುಂಬಯಿ ಸೀಮೆಯೆಂದರೆ ಪರದೇಶವೇ. ಶಾಲೆ ಊರಾಚೆಯ ದಲಿತ ಕೇರಿಯವರದು. ಅವರು ಬೌದ್ಧರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತಾವೇ ಮಣ್ಣು ಹೊತ್ತು ಗೋಡೆ ಎಬ್ಬಿಸಿ, ಯಾರ ಕೈಯನ್ನೂ ಕಾಯದೆ ನಡೆಸುತ್ತಿದ್ದರು. ನಾನು ಏನು ಹೇಳಿದರೂ ತಲೆಯಾಡಿಸಿ ತಮಗೆ ಬೇಕಾದ್ದನ್ನೇ ಮಾಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಕ್ಕಳಲ್ಲಿ ಒಬ್ಬಳು ತಂದೆತಾಯಿ ಇಲ್ಲದವಳು, ಎಂಟು ವರ್ಷವಿರಬೇಕು, ಅಜ್ಜಿಯೊಬ್ಬಳೇ ಆಸರೆ. ಒಂದು ಬೆಳಿಗ್ಗೆ ಮಗ್ಗಿ ಹೇಳುತ್ತ ನಿಂತವಳು ಧೊಪ್ಪನೆ ಬಿದ್ದಳು. ಹಿಂದಿನ ದಿನದಿಂದ ಹೊಟ್ಟೆಗಿಲ್ಲವಂತೆ. ನಾನು ಯಾರನ್ನೂ ಕೇಳಲಿಲ್ಲ. ಅವಳು ಸುಧಾರಿಸಿಕೊಂಡ ಮೇಲೆ ಅವಳ ತಲೆಯ ಮೇಲೊಂದು ಬುಟ್ಟಿ ಇಟ್ಟು, ಉಳಿದ ಮಕ್ಕಳನ್ನೂ ಕರೆದುಕೊಂಡು ಹೊಲವುಳ್ಳವರ ಓಣಿಗೆ ಹೋದೆ. ಪ್ರತಿ ಬಾಗಿಲಲ್ಲೂ ನಾನೇ ಕೂಗಿದೆ. ಗೌಡರ ಮನೆಯ ಹೆಂಗಸು ಕಟ್ಟೆಯ ಮೇಲಿನಿಂದಲೇ ಜೋಳದ ರೊಟ್ಟಿ ಎಸೆದು, ಈಗ ದಾರಿಗೆ ಬಂದಿರಿ ಎಂದು ನಕ್ಕಳು. ಆ ನಗುವಿನ ಅರ್ಥ ನನಗೆ, ದಡ್ಡಿಗೆ, ಹೊಳೆಯಲಿಲ್ಲ. ಬುಟ್ಟಿ ತುಂಬಿತಲ್ಲ ಎಂದು ಹಿಗ್ಗಿದೆ.

ಶಾಲೆಯ ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದಳು. ಬುಟ್ಟಿ ಕಸಿದು ರೊಟ್ಟಿಯನ್ನೆಲ್ಲ ನಾಯಿಗಳ ಮುಂದೆ ಸುರಿದಳು. ಹಸಿದ ಮಗುವಿನ ಎದುರು ಇದೆಂಥ ಸೊಕ್ಕು ಎಂದು ನಾನು ಬಾಯಿಗೆ ಬಂದಂತೆ ಅಂದೆ. ಅವಳು ದನಿ ಏರಿಸಲಿಲ್ಲ.

“ನಲವತ್ತು ವರ್ಷ ಆ ಓಣ್ಯಾಗ ರೊಟ್ಟಿ ಬೇಡೀನ್ರಿ ಅಕ್ಕೋರ. ಬುದ್ಧಗ ಕೈ ಮುಗದ ದಿನ, ಇನ್ನ ಬೇಡೂದಿಲ್ಲಂತ ಎಲ್ಲಾರೂ ಆಣಿ ಮಾಡೀವಿ. ಉಪಾಸ ಬಿದ್ರೂ ಮಾತು ಮುರದಿಲ್ಲ. ನೀವು ಈಕಿ ತಲಿ ಮ್ಯಾಲ ಬುಟ್ಟಿ ಇಟ್ರಿ.”

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ, ತಪ್ಪು ನನ್ನದೆಂದು ತಿಳಿದಷ್ಟೂ ಕೋಪ ಏರಿತು. ಸಂಜೆ ಬಂದ ಕೇರಿಯ ಹಿರಿಯರು ಒಂದು ಮಾತೂ ಬೈಯದೆ ಎದ್ದು ಹೋದರು, ಅದಕ್ಕೂ ಸಿಟ್ಟಾದೆ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಓದಿನಲ್ಲಿ ಅಷ್ಟು ಚುರುಕಾದವಳು. ಹೀಗೇ ಬಿಟ್ಟರೆ ಕೂಲಿಗೆ ಹೋಗಿಬಿಡುತ್ತಾಳೆಂದು ಹೆದರಿ ಅವಳ ಗುಡಿಸಲಿಗೆ ಹೋದೆ. ಹೊರಗೆ ಕೂತು ಪಾಟಿಯ ಮೇಲೆ ಮಗ್ಗಿ ಬರೆಯುತ್ತಿದ್ದಳು. ಶಾಲೆಗೆ ಯಾವಾಗ ಬರುತ್ತೀ ಎಂದು ಕೇಳಿದೆ. ತಲೆ ಎತ್ತಲಿಲ್ಲ.

“ನೀವು ಹೋದ ಮ್ಯಾಲ ಬರ್ತೀನ್ರಿ.”

ಪೆಟ್ಟಿಗೆ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಅಕ್ಕಲಕೋಟೆಗೆ, ಅಲ್ಲಿಂದ ಮೈಸೂರಿಗೆ ಹೊರಟೆ.