ಎಲ್ಲಿಗೆಂದು ಕೇಳುತ್ತಿದ್ದ ಪೆಟ್ಟಿಗೆ

ನಮ್ಮ ಕಾರಿನ ಮುಂದಿನ ಗಾಜಿಗೆ ಅಂಗೈಯಗಲದ ಒಂದು ಪೆಟ್ಟಿಗೆ ಅಂಟಿಕೊಂಡಿತ್ತು. ದಾರಿ ತೋರಿಸುವ ಪೆಟ್ಟಿಗೆ. ಮೊಬೈಲಿನಲ್ಲಿ ನಕ್ಷೆ ನೋಡುವ ಕಾಲ ಇನ್ನೂ ಹೊಸೂರಿಗೆ ಬಂದಿರಲಿಲ್ಲ. ಕಾರ್ಖಾನೆ ಕೆಲಸಕ್ಕೆಂದು ಊರೂರು ಸುತ್ತುತ್ತಿದ್ದ ನನ್ನ ಗಂಡ ಆಸೆಪಟ್ಟು ತಂದಿದ್ದರು. ತಂದ ವರ್ಷವೇ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಹೊಸೂರಿನ ಆಲಸನತ್ತಂ ಬಡಾವಣೆಯ ಆ ಮನೆಯಲ್ಲಿ ಉಳಿದವರು ನಾನು, ನಮ್ಮತ್ತೆ ಇಬ್ಬರೇ.

ನಾನು ಶಾಲೆಯ ಟೀಚರು. ಕಾರು ಓಡಿಸುವುದನ್ನು ನನ್ನ ಗಂಡನೇ ಬೈದು ಬೈದು ಕಲಿಸಿದ್ದರಿಂದ ಅತ್ತೆಯನ್ನು ಅವರ ತವರಿಗೆ, ಗುಮ್ಮಳಾಪುರಕ್ಕೆ, ನಾನೇ ಕರೆದುಕೊಂಡು ಹೋಗುವುದೆಂದಾಯಿತು. ಮೊದಲ ಸಲ ಹೊರಟ ದಿನ ಕೀಲಿ ತಿರುಗಿಸಿದೆ. ಟೇಪಿನಲ್ಲಿ ದೇವರ ಹಾಡು ಶುರುವಾಯಿತು, ಪೆಟ್ಟಿಗೆಗೂ ಬೆಳಕು ಬಂತು.

"ಏನಮ್ಮಾ ಬರ್ದೈತೆ ಅದ್ರಲ್ಲಿ?" ಎಂದರು ಅತ್ತೆ.

"ಎಲ್ಲಿಗೆ ಅಂತ ಇಂಗ್ಲಿಷಲ್ಲಿ ಕೇಳ್ತಾ ಇದೆ, ಅತ್ತೆ."

ಅಷ್ಟೇ. ಬಾಗಿಲು ತೆಗೆದು ಇಳಿದೇಬಿಟ್ಟರು. ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ವಾಪಸ್ಸು ಬಂದು, ಒಂದು ಗಳಿಗೆ ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ನಮ್ಮ ಕಡೆ ಎಲ್ಲರೂ ಅರ್ಧಂಬರ್ಧ ಪಾಲಿಸುವ ಈ ಪದ್ಧತಿ ನಮ್ಮತ್ತೆಗೆ ಕಾನೂನು.

"ಹೊಸಲು ದಾಟ್ದೋರ್ನ ಎಲ್ಲಿಗೆ ಅಂತ ಕೇಳ್ತಾರಾ? ಹೆತ್ತೋರು ಹೇಳ್ಕೊಟ್ಟಿಲ್ವಾ ಅದಕ್ಕೆ?"

"ಅದಕ್ಕೆ ಹೆತ್ತವರು ಎಲ್ಲಿಂದ ಬರಬೇಕು ಅತ್ತೆ, ಅದು ಮಿಷನ್ನು."

"ಅದಕ್ಕೇಯಾ ಈ ಬುದ್ಧಿ" ಎಂದು ಮೆಟ್ಟಿಲ ಮೇಲೆ ಕೂತು ನೀರು ತರಿಸಿಕೊಂಡರು.

ಕಿತ್ತು ಒಳಗಿಡುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ. "ಮಗ ಅಂಟ್ಸಿರೋದು. ಅಂಗೇ ಇರ್ಲಿ ಬಿಡು" ಎಂದರು. ಹಾಗಾಗಿ ಪ್ರತಿಸಲವೂ ಕಾರು ಹತ್ತುವುದು, ಅದು ಕೇಳುವುದು, ಇವರು ಇಳಿದು ನೀರು ಕುಡಿಯುವುದು, ಮತ್ತೆ ಹತ್ತುವುದು. ಎದುರು ಮನೆಯ ತಮಿಳಾಕೆ ಗೇಟಿಗೆ ಒರಗಿ, "ಎನ್ನ ಪಾಟಿ, ತಿರುಂಬ ತಣ್ಣಿಯಾ?" ಎಂದು ನಗುತ್ತಿದ್ದಳು. ಮತ್ತೆ ನೀರಾ ಅಜ್ಜಿ, ಅಂತ. ಅತ್ತೆ ತಮಿಳಲ್ಲೇ ಎರಡು ಮಾತು ತಿರುಗಿಸಿ ಕೊಡುತ್ತಿದ್ದರು.

ದಾರಿಯಲ್ಲೂ ಸುಮ್ಮನಿರುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಹೆಂಗಸು ಹಾಡಿನ ಮಧ್ಯೆ ಬಾಯಿ ಹಾಕಿ ಎಡಕ್ಕೆ ತಿರುಗು ಎಂದರೆ, "ಗೊತ್ತು ಸುಮ್ಕಿರವ್ವಾ, ನಾ ಹುಟ್ಟಿದ್ ಊರು" ಎಂದು ಗದರುತ್ತಿದ್ದರು. ಒಮ್ಮೆ ಜವಳಗಿರಿ ಕಾಡಿನ ರಸ್ತೆಯಲ್ಲಿ ಅದರ ಸೊಲ್ಲೇ ಅಡಗಿಹೋಯಿತು. "ಆನೆ ಐತೆ ಅಂತ ಅದಕ್ಕೂ ಗೊತ್ತಾಗೈತೆ, ನೋಡು" ಎಂದರು. ಗಾಡಿ ನಿಲ್ಲಿಸಿ ನಕ್ಕಿದ್ದೆ. ಗಂಡ ಹೋದ ಮೇಲೆ ನಾನು ಬಾಯ್ತುಂಬ ನಗುತ್ತಿದ್ದದ್ದು ಆ ಕಾರಿನೊಳಗೆ ಮಾತ್ರ.

ವರ್ಷಾಬ್ದಿಕ ಮುಗಿದ ಮೇಲೆ ನನ್ನ ಮೈದುನ ಮಾತು ತೆಗೆದ. ತುಮಕೂರಿನಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಕೆಟ್ಟವನಲ್ಲ. "ಮಗ ಅನ್ನೋನು ಬದುಕಿದ್ದೂ ಅಮ್ಮ ಸೊಸೆ ಮನೇಲಿ ಇದ್ರೆ ಜನ ಏನಂತಾರೆ ಅತ್ತಿಗೆ? ನಮ್ಮನೇಲೇ ಇರ್ಲಿ ಇನ್ಮೇಲೆ" ಎಂದ. ಇರಿ ಅತ್ತೆ, ಹೋಗಬೇಡಿ ಎನ್ನಬೇಕೆನಿಸಿತು. ಮಗನ ಕಡೆಯಿಂದ ಬಂದ ನಂಟು, ಮಗನೇ ಇಲ್ಲದ ಮೇಲೆ ಯಾವ ಬಾಯಲ್ಲಿ ಕೇಳಲಿ? ಅವರೂ ಹೋದರೆ ಆ ಮನೆಯಲ್ಲಿ ನನಗೆ ಮಾತಾಡಲು ಒಂದು ಜೀವವಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು. ಅವರು ಸೀರೆ ಮಡಿಸಿ ಬ್ಯಾಗಿಗೆ ತುಂಬುವುದನ್ನು ನೋಡುತ್ತ ಪಕ್ಕದ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಏನು ತಿದ್ದಿದೆನೋ ದೇವರಿಗೇ ಗೊತ್ತು.

ಕರೆದೊಯ್ಯಲು ಮೈದುನ ಹೊಸ ಕಾರಿನಲ್ಲಿ ಬಂದ. ಅದರ ಡ್ಯಾಶ್‌ಬೋರ್ಡಿನಲ್ಲೇ ಪುಟ್ಟ ಟಿವಿಯಂಥ ಪರದೆ. "ದಾರೀನೂ ಇದ್ರಲ್ಲೇ, ಸಿನಿಮಾನೂ ಇದ್ರಲ್ಲೇ ಅತ್ತಿಗೆ" ಎಂದು ತೋರಿಸಿದ. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಆ ಪರದೆಯನ್ನೇ ನೋಡುತ್ತಿದ್ದರು. ಅದು ಕೇಳಲಿ ಎಂದು ಕಾಯುತ್ತಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು. ಅದು ಏನೂ ಕೇಳಲಿಲ್ಲ. ಅವನು ಆಗಲೇ ತುಮಕೂರು ಎಂದು ಹೇಳಿಟ್ಟಿದ್ದನೇನೋ. ಜೋರಾಗಿ ಒಂದು ಸಿನಿಮಾ ಹಾಡು ಹೊಡೆದುಕೊಂಡಿತು, ಕಾರು ಗೇಟಿನತ್ತ ಹೊರಳಿತು.

"ಅತ್ತೆ, ಎಲ್ಲಿಗೆ?" ಎಂದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮೈದುನ ನನ್ನ ಮುಖ ನೋಡಿದ. ಅತ್ತೆ, "ನಿಲ್ಸ್ಲಾ" ಎಂದರು. ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ನಾನು ನೀರು ತಂದೆ. ಗಟಗಟ ಕುಡಿಯುವ ಹೆಂಗಸು, ಅವತ್ತು ಬಿಸಿ ಕಾಫಿ ಕುಡಿಯುವ ಹಾಗೆ ಗುಟುಕು ಗುಟುಕಾಗಿ ಕುಡಿದರು. ಮೈದುನ ಹಾಡು ನಿಲ್ಲಿಸಿದ. ಬ್ಯಾಗು ಇಳಿಸು ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಇನ್ನೊಂದ್ ಲೋಟ ತಗೊಂಬಾ" ಎಂದರು.

ಓಡಿಹೋಗಿ ತಂದೆ. ಅದೂ ಖಾಲಿಯಾಯಿತು. ಲೋಟ ನನ್ನ ಕೈಗಿಟ್ಟು, ಕೈ ಬಿಡದೆ, "ಗೊತ್ತಿದ್ದೂ ಕೇಳ್ದ್ಯಲ್ಲ ಅಮ್ಮಣ್ಣೀ" ಎಂದರು.

"ಹೂಂ ಅತ್ತೆ."

"ಬತ್ತೀನಿ" ಎಂದು ಎದ್ದರು. ಕೇಳಿದ್ದಕ್ಕೆ ಕೂತದ್ದಾಯಿತು, ನೀರು ಕುಡಿದದ್ದಾಯಿತು. ಪದ್ಧತಿಯ ಪ್ರಕಾರ ಇನ್ನು ಹೊರಡಬಹುದು. ನಾನು ಮತ್ತೆ ಕೇಳಲಿಲ್ಲ. ಕಾರು ರಸ್ತೆಯ ತಿರುವಿನಲ್ಲಿ ಮರೆಯಾಯಿತು.

ಸೋಮವಾರ ಶಾಲೆಗೆ ಹೊರಟು ಕೀಲಿ ತಿರುಗಿಸಿದೆ. ಗಾಜಿನ ಮೇಲೆ ಪೆಟ್ಟಿಗೆ ಬೆಳಗಿ, ಎಲ್ಲಿಗೆ ಎಂದಿತು. ಇನ್ನು ಹಾಗೆ ಕೇಳಲು ನನಗೆ ಉಳಿದದ್ದು ಅದೊಂದೇ. ಕಾರು ಆರಿಸಿ ಇಳಿದೆ. ಒಳಗಿಂದ ನಾನೇ ಒಂದು ಲೋಟ ನೀರು ತಂದುಕೊಂಡು ಅತ್ತೆ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತು ಕುಡಿದೆ. ಎದುರು ಮನೆಯಾಕೆ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ನಗಲಿಲ್ಲ.