ಪದ್ಮಳ ಕಡೆಗೆ ಸರಿದ ಸೊಳ್ಳೆಗಳು

ಹಲ್ಲಿ ಲೊಚಗುಟ್ಟಿತೆಂದು ಮಾತು ನಿಲ್ಲಿಸುವವರನ್ನು, ಬೆಕ್ಕು ಅಡ್ಡ ಬಂದಿತೆಂದು ವಾಪಸ್ಸು ಹೋಗುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಪ್ರಾಣಿಶಾಸ್ತ್ರ ಪಾಠ ಹೇಳಿ ಬದುಕಿದವನು ನಾನು. ಪ್ರಾಣಿಗಳಿಗೆ ಮುಂದಾಗುವುದು ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ವಾದಕ್ಕೇ ಇಳಿಯುತ್ತಿದ್ದೆ. ಈಗ ವಾದ ಮಾಡುವುದಿಲ್ಲ. ನೀವು ನಂಬಲೇಬೇಕೆಂದೂ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗದ್ದೆಬಯಲಿನ ಊರುಗಳಲ್ಲಿ ಮಕ್ಕಳಿಗೆ ಮೆದುಳು ಜ್ವರ ಬರುತ್ತಿದೆ ಎಂಬ ಸುದ್ದಿ ಹಬ್ಬಿತ್ತು. ಸೊಳ್ಳೆಯಿಂದ ಹರಡುವ ಆ ಕಾಯಿಲೆಯ ಬಗ್ಗೆ ತುಮಕೂರಿನಲ್ಲಿ ಒಂದು ವಿಜ್ಞಾನ ಗೋಷ್ಠಿ ಏರ್ಪಾಡಾಯಿತು. ಹೊರಗಿನಿಂದ ಬರುವ ವಿಜ್ಞಾನಿಯೊಬ್ಬರ ವಿಷಯವೇ ಎಲ್ಲರಿಗೂ ಹೊಸದು. ಗಂಡುಸೊಳ್ಳೆಗಳ ವಂಶಗುಣವನ್ನೇ ಬದಲಿಸಿ, ಅವುಗಳಿಗೆ ಸಂತಾನವಾಗದಂತೆ ಮಾಡಿ ಹೊರಗೆ ಬಿಟ್ಟರೆ ಸೊಳ್ಳೆಯ ಕುಲವೇ ಕ್ರಮೇಣ ಅಳಿಯುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಜನ ಹೆದರಬಾರದೆಂದು ಅಂಥ ಸೊಳ್ಳೆಗಳ ಒಂದು ಪಂಜರವನ್ನು ಮೊದಲೇ ಕಳಿಸಿದ್ದರು. ತಂತಿಯ ಚೌಕಟ್ಟಿಗೆ ಪರದೆ ಬಟ್ಟೆ ಸುತ್ತಿದ ಪೆಟ್ಟಿಗೆ, ಒಳಗೆ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ, ಅಷ್ಟೇ. ಗೋಷ್ಠಿಗೆ ಮುಂಚೆ ಅದನ್ನು ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತೋರಿಸಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ಗುಬ್ಬಿಯಲ್ಲಿ ಮುದುಕರೊಬ್ಬರು ಕೇಳಿದರು. "ಸೊಳ್ಳೆ ಸಾಯ್ಸಕ್ಕೆ ಸೊಳ್ಳೇನೇ ಸಾಕ್ತೀರೇನ್ ಸ್ವಾಮಿ?" ಎಲ್ಲರೂ ನಕ್ಕರು. ಗಂಡುಸೊಳ್ಳೆ ಕಚ್ಚುವುದಿಲ್ಲ, ಅದಕ್ಕೆ ರಕ್ತ ಬೇಕಿಲ್ಲ ಎಂದು ತಿಳಿಸಿ ಹೇಳಿದೆ. ಜನ ಪಂಜರದ ಸುತ್ತ ಮುತ್ತಿಕೊಂಡು ನೋಡುತ್ತಿದ್ದರೂ ಸೊಳ್ಳೆಗಳು ಅಲ್ಲೊಂದು ಇಲ್ಲೊಂದು ಕುಳಿತಿದ್ದವು. ಯಾರ ಕಡೆಗೂ ಅವುಗಳ ಲಕ್ಷ್ಯವಿರಲಿಲ್ಲ.

ಅಲ್ಲಿಂದ ಕುಣಿಗಲ್ಲಿಗೆ ಬಂದು ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಕೆರೆ ಕೆಳಗಿನ ಗದ್ದೆಗಳಿಗೆ ಹತ್ತಿರದ ಮನೆ. ಅಕ್ಕ, ಭಾವ, ಅವರ ಒಬ್ಬಳೇ ಮಗಳು ಪದ್ಮ. ಆರನೇ ಕ್ಲಾಸಿನ ಹುಡುಗಿ, ಬಾಯಿ ಮುಚ್ಚಿದವಳೇ ಅಲ್ಲ. ಬೆಳಿಗ್ಗೆ ಜಗಲಿಯ ಮೇಲೆ ಪಂಜರವಿಟ್ಟು ನಾನು ಕಾಫಿ ಕುಡಿಯುತ್ತಿದ್ದಾಗ ಅವಳು ಕೂಗಿದಳು.

"ಮಾವ, ಬಾ ಇಲ್ಲಿ! ಇವು ನನ್ ಹಿಂದೇನೇ ಬರ್ತವೆ!"

ಹೋಗಿ ನೋಡಿದೆ. ಪಂಜರದ ಸೊಳ್ಳೆಗಳೆಲ್ಲ ಅವಳು ನಿಂತ ಪಕ್ಕದ ಪರದೆಗೆ ಅಂಟಿಕೊಂಡಿದ್ದವು. ಉಳಿದ ಮೂರು ಪಕ್ಕ ಖಾಲಿ. ಅವಳು ಆಚೆ ಬದಿಗೆ ಹೋದಳು. ಒಂದು ಸಣ್ಣ ಝೇಂಕಾರವಾಯಿತು, ಎಲ್ಲವೂ ಎದ್ದು ಆಚೆ ಬದಿಗೆ ಹೋಗಿ ಕುಳಿತವು. ಬೆಳಕಿನಿಂದ ಇರಬೇಕೆಂದು ಪಂಜರವನ್ನು ತಿರುಗಿಸಿಟ್ಟೆ. ಮತ್ತೆ ಅವಳ ಕಡೆಗೇ ಬಂದವು. ಭಾವನನ್ನು ಇನ್ನೊಂದು ಪಕ್ಕಕ್ಕೆ ನಿಲ್ಲಿಸಿ ನೋಡಿದೆ, ನಾನೇ ತೋಳಿನ ಬಟ್ಟೆ ಸರಿಸಿ ಕೈಯನ್ನು ಪರದೆಗೆ ಒತ್ತಿ ಹಿಡಿದೆ. ಒಂದೂ ಅಲುಗಲಿಲ್ಲ. ಪದ್ಮಳಿಗೋ ಇದು ಆಟ. ಕೈ ತಟ್ಟಿ ಕುಣಿಯುತ್ತಿದ್ದಳು.

ಕೊನೆಗೆ ಅವಳನ್ನು ಒಳಗೆ ಕಳಿಸಿದೆ. ನಡುವೆ ದಪ್ಪ ಮಣ್ಣಿನ ಗೋಡೆ. ಬೆವರಿನ ವಾಸನೆಯೋ ಉಸಿರೋ ದಾಟುವ ಹಾಗಿಲ್ಲ. ಆದರೂ ಸೊಳ್ಳೆಗಳು ಗೋಡೆಯ ಕಡೆಯ ಪರದೆಗೆ ಬಂದವು. ನಾನು ನೋಡುತ್ತಿದ್ದ ಹಾಗೇ ಮೆಲ್ಲಗೆ ಎಡಕ್ಕೆ ಸರಿದವು. "ಪದ್ಮಾ, ಎಲ್ಲಿದೀಯೇ?" ಎಂದು ಕೂಗಿದೆ. "ನೀರ್ ಕುಡಿಯಕ್ಕೆ ಅಡಿಗೆ ಮನೆಗೆ ಬಂದೆ ಮಾವ" ಅಂದಳು. ಅಡಿಗೆ ಮನೆ ಇದ್ದದ್ದು ಎಡಕ್ಕೆ.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. "ಸಾಕು, ನಿಲ್ಸೋ. ನಂಗ್ಯಾಕೋ ಇದು ಸರಿ ಕಾಣ್ತಿಲ್ಲ. ತಗೊಂಡೋಗು ಅದನ್ನ" ಅಂದಳು.

ತುಮಕೂರಿಗೆ ಬಂದವನೇ ಸೊಳ್ಳೆ ಕಳಿಸಿದ್ದ ವಿಜ್ಞಾನಿಗೆ ವಿಷಯ ತಿಳಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡು, "ಸೊಳ್ಳೆಗೆ ಅಷ್ಟು ಬುದ್ಧಿ ಬಂದ್ರೆ ನಮ್ಗೆ ಕೆಲ್ಸಾನೇ ಇರಲ್ಲ ಕಣ್ರೀ" ಎಂದು ನನ್ನ ಬೆನ್ನು ತಟ್ಟಿದರು. ಅದಾದ ಮೂರನೆಯ ದಿನ ಗೋಷ್ಠಿಯಲ್ಲಿ ಅವರ ಭಾಷಣ ನಡೆಯುತ್ತಿದ್ದಾಗಲೇ ಭಾವ ಸಭಾಂಗಣದ ಬಾಗಿಲಿಗೆ ಬಂದು ನಿಂತರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಪದ್ಮಂಗೆ ಜ್ವರ ಕಣಯ್ಯ. ಕತ್ತು ಮರ ಆದಂಗಾಗೈತೆ. ಕರೆದ್ರೆ ಮಾತಾಡ್ತಿಲ್ಲ. ಇಲ್ಲೇ ದೊಡ್ಡಾಸ್ಪತ್ರೆಗೆ ತಂದಿವ್ನಿ" ಎಂದರು.

ಗೋಷ್ಠಿಯಲ್ಲಿದ್ದ ಡಾಕ್ಟರುಗಳು, ವಿಜ್ಞಾನಿಗಳು ಎಲ್ಲ ನನ್ನೊಂದಿಗೆ ಓಡಿಬಂದರು. ಆ ಕಾಯಿಲೆಯನ್ನು ಅರೆದು ಕುಡಿದವರೆಲ್ಲ ಅವಳ ಮಂಚದ ಸುತ್ತ ನಿಂತಿದ್ದರು. ಅದು ಯಾವ ಸೊಳ್ಳೆಯಿಂದ ಬರುತ್ತದೆ, ಆ ಸೊಳ್ಳೆ ಯಾವ ನೀರಿನಲ್ಲಿ ಹುಟ್ಟುತ್ತದೆ, ಕಾಯಿಲೆ ಮೆದುಳಿಗೆ ಹೇಗೆ ಏರುತ್ತದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಔಷಧಿ ಮಾತ್ರ ಇರಲಿಲ್ಲ. ಭಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಯಾರೂ ಅವರ ಕಣ್ಣು ಎದುರಿಸಲಿಲ್ಲ. ಪದ್ಮ ಕಣ್ಣು ಬಿಡಲೇ ಇಲ್ಲ, ಹೋಗಿಬಿಟ್ಟಳು.

ನಾನು ತಂದ ಸೊಳ್ಳೆಗಳಿಂದಲೇ ಹೀಗಾಯಿತೆಂದು ಕುಣಿಗಲ್ಲಿನಲ್ಲಿ ಮಾತಾಯಿತು. ಅದು ಸುಳ್ಳು. ಈ ಕಾಯಿಲೆ ಮೈ ಹೊಕ್ಕ ಮೇಲೆ ಎಷ್ಟೋ ದಿನ ತಣ್ಣಗಿದ್ದು ಆಮೇಲೆ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಅಂದರೆ ಅವಳು ಜಗಲಿಯಲ್ಲಿ ಕೈ ತಟ್ಟಿ ಕುಣಿಯುತ್ತಿದ್ದಾಗಲೇ ಅದು ಅವಳೊಳಗಿತ್ತು. ಇಷ್ಟನ್ನು ವಿಜ್ಞಾನ ನನಗೆ ಹೇಳಿಕೊಟ್ಟಿದೆ. ರೋಗಿಯ ಮೈವಾಸನೆ ಸೊಳ್ಳೆಯನ್ನು ಸೆಳೆಯಬಹುದೆಂದು ಆಮೇಲೆ ಒಬ್ಬರು ಹೇಳಿದರು. ಇರಬಹುದು, ಹೆಣ್ಣುಸೊಳ್ಳೆಯನ್ನು. ಇವು ರಕ್ತದ ರುಚಿಯನ್ನೇ ಕಾಣದ ಗಂಡುಸೊಳ್ಳೆಗಳು. ಮೇಲಾಗಿ ನಡುವೆ ಗೋಡೆಯಿತ್ತು. ಎಂಬತ್ತರ ದಶಕದುದ್ದಕ್ಕೂ ಇಂಥ ಎಷ್ಟೋ ಗೋಷ್ಠಿಗಳಲ್ಲಿ ಕೂತೆ, ಬಲ್ಲವರನ್ನೆಲ್ಲ ಕೇಳಿದೆ. ಕೆಲವರು ನಕ್ಕರು, ಕೆಲವರು ನನ್ನನ್ನು ಕನಿಕರದಿಂದ ನೋಡಿದರು. ಬರಬರುತ್ತಾ ಕೇಳುವುದನ್ನೂ ಬಿಟ್ಟೆ.

ಅಕ್ಕ ನನ್ನ ಮೇಲೆ ಒಂದು ದಿನವೂ ತಪ್ಪು ಹೊರಿಸಲಿಲ್ಲ. ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ನನಗೆ ಊಟಕ್ಕೆ ಬಡಿಸುತ್ತಿದ್ದವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು.

"ಅಲ್ಲ ಕಣೋ, ಆ ಸೊಳ್ಳೆಗೆ ಗೊತ್ತಾಗಿದ್ದು ಹೆತ್ತೋಳ್ಗೆ ಯಾಕೋ ಗೊತ್ತಾಗ್ಲಿಲ್ಲ?"

ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಾ ಕೂತೆ.