ಫುಕನ್ ಸರ್ ಸಹಿ ಹಾಕದ ಪುಟ

೨೦೦೬ನೇ ಇಸವಿ. ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನು ಊರಿಡೀ ಅಗೆದು ಹಾಕಿದ್ದ ವರ್ಷ. ಎಲ್ಲಿ ನೋಡಿದರೂ ಕ್ರೇನು, ಧೂಳು. ನಾನು ಆಗ ಅಲ್ಲಿನ ಬಿನ್ ಒಮ್ರಾನ್ ಬಡಾವಣೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವ ಕೆಲಸ ಮಾಡುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದರು. ಇರಲಿ. ಆದರೆ ಈ ಘಟನೆಯಲ್ಲಿ ಬಂದ ಕೋಪ ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ.

ನಮ್ಮಲ್ಲಿ ಇಂಗ್ಲಿಷ್ ಪ್ರೂಫ್ ನೋಡುತ್ತಿದ್ದವರು ಅಸ್ಸಾಮಿನ ಫುಕನ್ ಸರ್. ವಯಸ್ಸು ಐವತ್ತು ದಾಟಿತ್ತು. ಗುವಾಹಟಿಯಲ್ಲಿ ಒಂದು ಅಸ್ಸಾಮಿ ಮಾಸಪತ್ರಿಕೆಯ ಸಂಪಾದಕರಾಗಿದ್ದವರು. ಕಾಡಿನಲ್ಲಿದ್ದ ಬಂದೂಕಿನವರು ಒಂದು ಕಡೆಯಿಂದ, ಪೊಲೀಸರು ಇನ್ನೊಂದು ಕಡೆಯಿಂದ ಹೆದರಿಸಿದಾಗಲೂ ಅವರು ಪತ್ರಿಕೆಯನ್ನು ಒಂದು ತಿಂಗಳೂ ನಿಲ್ಲಿಸಿರಲಿಲ್ಲವಂತೆ. ಕೊನೆಗೆ ಮಾಲೀಕರ ಮಕ್ಕಳು ಜಾಗ ಮಾರುವುದಕ್ಕೆಂದು ಅದನ್ನು ಮುಚ್ಚಿಬಿಟ್ಟರು. ಅದೇ ಸಮಯಕ್ಕೆ ಹೆಂಡತಿಯ ಕಿಡ್ನಿ ಕೆಟ್ಟಿತು. ಆ ಚಿಕಿತ್ಸೆಗಾಗಿ ಇಲ್ಲಿ ಬಂದು ಹೋಟೆಲಿನ ಮೆನು ಕಾರ್ಡು, ಸೋಫಾ ಅಂಗಡಿಯ ಕ್ಯಾಟಲಾಗು ತಿದ್ದುತ್ತಾ ಕೂತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದುದು ಹಿಂದಿಯಲ್ಲಿ. ನನ್ನನ್ನು 'ಭೊಂಟಿ' ಎನ್ನುತ್ತಿದ್ದರು, ಅಂದರೆ ಅವರ ಭಾಷೆಯಲ್ಲಿ ತಂಗಿ.

ಅವರ ಸಹಿ ಇಲ್ಲದೆ ಯಾವ ಪುಟವೂ ಅಚ್ಚಿನ ಪ್ಲೇಟಿಗೆ ಹೋಗುವಂತಿರಲಿಲ್ಲ, ಅದು ಪ್ರೆಸ್ಸಿನ ಕ್ರಮ. ಸಾವಿನ ಸುದ್ದಿಯಾದರೆ ಅವರದೇ ಇನ್ನೊಂದು ಕ್ರಮವಿತ್ತು. ಸತ್ತವರ ಮನೆಗೆ ಫೋನ್ ಮಾಡಿ, ಬರೆದದ್ದನ್ನು ಓದಿ ಹೇಳಿ, ಮನೆಯವರು ಹೌದು ಎಂದ ಮೇಲೆಯೇ ಸಹಿ. ಗುವಾಹಟಿಯಲ್ಲಿದ್ದಾಗಿನಿಂದ ಬಂದ ಅಭ್ಯಾಸ. "ಸತ್ತವನು ಬಂದು ತಿದ್ದುವುದಿಲ್ಲ ಭೊಂಟಿ, ಮನೆಯವರನ್ನಾದರೂ ಕೇಳಬೇಡವೇ?" ಎನ್ನುತ್ತಿದ್ದರು. ಪ್ರೆಸ್ಸಿನಲ್ಲಿ ಎಲ್ಲರೂ ಇದಕ್ಕೆ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಆ ವರ್ಷ ನಮ್ಮ ಕರಾವಳಿಯವರ ಒಂದು ಸಂಘದ ಸ್ಮರಣ ಸಂಚಿಕೆ ನಮ್ಮಲ್ಲಿ ಅಚ್ಚಿಗೆ ಬಂತು. ಕನ್ನಡ, ಇಂಗ್ಲಿಷ್ ಎರಡೂ ಇತ್ತು. ಸಂಘದ ಅಧ್ಯಕ್ಷರು ಒಂದು ಕಟ್ಟಡ ಕಂಪನಿಯ ಮ್ಯಾನೇಜರ್. ಅದರಲ್ಲಿ ಒಂದು ಶ್ರದ್ಧಾಂಜಲಿ ಪುಟ. ಕಾರ್ಕಳದ ಕಡೆಯ ನವೀನ ಎಂಬ ಹುಡುಗ, ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದವನು, 'ಹೃದಯಾಘಾತದಿಂದ ನಿಧನ' ಎಂದಿತ್ತು. ಅದರ ಕೆಳಗೆ ಅರ್ಧ ಪುಟ ಕಂಪನಿಯ ಜಾಹೀರಾತು.

ಫುಕನ್ ಸರ್ ಎಂದಿನಂತೆ, "ಮನೆಗೆ ಫೋನ್ ಮಾಡೋಣ" ಎಂದರು. ಅವರಿಗೆ ನಮ್ಮ ಭಾಷೆ ಬಾರದು, ಹಾಗಾಗಿ ಮಾತಾಡುವುದು ನನ್ನ ಪಾಲಿಗೆ ಬಂತು. ನವೀನನ ರೂಮಿನವನಿಂದ ನಂಬರು ತರಿಸಿ, ಫೋನ್ ಕಾರ್ಡಿನ ನಂಬರು ಕೆರೆದು, ಅವನ ಹೆಂಡತಿ ಸುಜಾತಾಳಿಗೆ ಓದಿ ಹೇಳಿದೆ. 'ಹೃದಯಾಘಾತ' ಎಂಬಲ್ಲಿಗೆ ಬಂದಾಗ ಅವಳು ನನ್ನನ್ನು ತಡೆದಳು. ಆಮೇಲೆ ನಮ್ಮೂರ ಕನ್ನಡದಲ್ಲಿ ಶುರುಮಾಡಿದಳು.

"ಹಾರ್ಟ್ ಎಟೇಕ್ ಅಲ್ಲ ಅಕ್ಕಾ. ಮೇಲಿಂದ ಬಿದ್ದದ್ದು. ಒಟ್ಟಿಗೆ ಕೆಲಸ ಮಾಡ್ತಿದ್ದವನೇ ಫೋನ್ ಮಾಡಿ ಹೇಳಿದ್ದಾನೆ. ಬಾಡಿಯ ಪೆಟ್ಟಿಗೆ ಊರಿಗೆ ಬಂದಾಗ ನನ್ನ ಅಣ್ಣ ನೋಡಿದ್ದಾನೆ, ತಲೆ ಹಿಂದೆ ಒಡೆದಿತ್ತು."

"ಮತ್ತೆ ಹೀಗೆ ಯಾಕೆ ಬರೆದಿದ್ದಾರೆ?"

"ನಂಗೆ ಎಂತ ಗೊತ್ತು ಅಕ್ಕಾ? ಇಲ್ಲಿ ಜನ ಹೇಳ್ತಾರೆ, ಇಷ್ಟು ಸಣ್ಣ ಪ್ರಾಯದಲ್ಲಿ ಹಾರ್ಟ್ ಎಟೇಕ್ ಎಲ್ಲಿಂದ, ಗಲ್ಫಿನಲ್ಲಿ ಕುಡಿದು ಕುಡಿದು ಹೋದ ಅಂತ. ನನ್ನ ಅತ್ತೆ ಕೂಡ ಅದನ್ನೇ ನಂಬಿದ್ದಾರೆ. 'ನೀನು ಕೇಳಿ ಕೇಳಿ ದುಡ್ಡಿಗೆ ಪೀಡಿಸಿದ್ದಕ್ಕೆ ಕುಡಿದ' ಅಂತ ನನಗೇ ಹೇಳ್ತಾರೆ. ನನ್ನ ಗಂಡ ಒಂದು ತೊಟ್ಟು ಮುಟ್ಟಿದವರಲ್ಲ ಅಕ್ಕಾ. ಬಿದ್ದು ಸತ್ತರು ಅಂತ ಒಂದು ಸಾಲು ಹಾಕಿಸಿ. ಆ ಪುಸ್ತಕ ಇವರೆಲ್ಲರ ಮುಖದ ಎದುರು ಹಿಡೀತೇನೆ."

ನಾನು ಅಳುತ್ತಲೇ ಫುಕನ್ ಸರ್‌ಗೆ ಹಿಂದಿಯಲ್ಲಿ ಹೇಳಿದೆ. ಅವರು ಕೆಂಪು ಪೆನ್ನು ತೆಗೆದು ಇಂಗ್ಲಿಷಿನಲ್ಲಿದ್ದ ಸಾಲು ಹೊಡೆದು, 'ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದು ಸತ್ತರು' ಎಂದು ಬರೆದರು. ಕನ್ನಡದ್ದನ್ನು ನಾನು ತಿದ್ದಿದೆ.

ತಿದ್ದಿದ ಪ್ರೂಫು ನೋಡಿ ಮರುದಿನವೇ ಅಧ್ಯಕ್ಷರು ಪ್ರೆಸ್ಸಿಗೆ ಬಂದರು. ಬಿಳಿ ಶರ್ಟು, ಕೈಯಲ್ಲಿ ಎರಡು ಮೊಬೈಲು.

"ಎಂತ ಮಾರಾಯ್ರೆ ಇದು? ಪ್ರಿಂಟ್ ಮಾಡಿ ಅಂದ್ರೆ ನೀವು ಪೊಲೀಸ್ ಎನ್‌ಕ್ವಯರಿ ಮಾಡ್ತೀರಾ? ಕೊಟ್ಟದ್ದನ್ನು ಹಾಕಿ, ಖಲಾಸ್!"

"ಅವನ ಹೆಂಡತಿಯೇ ಹೇಳಿದ್ದಾಳೆ" ಎಂದೆ.

"ಅವಳು ಊರಲ್ಲಿ ಕೂತು ಕಂಡಿದ್ದಾಳಾ? ಹುಡುಗ ಹೋಗಿ ಆಯ್ತು. ಇನ್ನು ಹೇಗೆ ಹೋದರೆ ಎಂತ? ನಾವು ಫೋಟೋ ಹಾಕ್ತಾ ಇಲ್ವಾ?"

ನನಗೆ ತಲೆ ಕೆಟ್ಟಿತು. "ಫೋಟೋ ಹಾಕೋದು ಕೆಳಗೆ ನಿಮ್ಮ ಕಂಪನಿಯ ಹೆಸರು ಹಾಕ್ಲಿಕ್ಕೆ! ಬಿದ್ದು ಸತ್ತ ಅಂದ್ರೆ ತಪ್ಪು ಕಂಪನಿಯ ಮೇಲೆ ಬರ್ತದೆ, ಅದಕ್ಕೇ ಈ ಸುಳ್ಳು! ನಿಮ್ಮ ಮನೆಯ ಹುಡುಗ ಆಗಿದ್ರೆ ಹೀಗೆ ಬರೆಸ್ತಿದ್ರಾ? ಒಂದು ಸಾಲು ಬರೆದ್ರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದು ಇಡೀ ಪ್ರೆಸ್ಸಿಗೆ ಕೇಳುವಂತೆ ಕಿರುಚಿದೆ. ನಾನಿದ್ದುದು ಗಂಡನ ವೀಸಾದ ಮೇಲೆ, ಪ್ರೆಸ್ಸಿನವರು ನನ್ನನ್ನು ಊರಿಗೆ ಅಟ್ಟುವಂತಿರಲಿಲ್ಲ. ಬಾಯಿ ಜೋರಿಗೆ ಅದೂ ಒಂದು ಕಾರಣ. ಫುಕನ್ ಸರ್‌ಗೆ ಆ ಭದ್ರತೆಯಿರಲಿಲ್ಲ, ಅವರ ವೀಸಾ ಪ್ರೆಸ್ಸಿನದೇ.

ನಮ್ಮ ಮ್ಯಾನೇಜರ್ ಮಲಯಾಳಿ, ಕೆಟ್ಟವನಲ್ಲ, ಆದರೆ ದೊಡ್ಡ ಗಿರಾಕಿ ಎಂದರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು. "ಫುಕನ್ ಸಾಬ್, ಒಂದು ಸಹಿ ಹಾಕಿಬಿಡಿ" ಎಂದ.

ಫುಕನ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಮನೆಯವರು ಅಲ್ಲ ಅಂದಿದ್ದಾರೆ. ಸಹಿ ಹಾಕುವುದಿಲ್ಲ. ಆ ಸಾಲು ಬೇಡವಾದರೆ ಪುಟವನ್ನೇ ತೆಗೆಯಿರಿ. ಸುಳ್ಳು ಹೇಳಲು ಅವನ ಮುಖ ಯಾಕೆ?"

"ನಿಮ್ಮ ಹೆಂಡತಿಯ ಔಷಧದ ಬಗ್ಗೆ ಯೋಚಿಸಿ" ಎಂದ ಮ್ಯಾನೇಜರ್.

"ಯೋಚಿಸಿಯೇ ಹೇಳಿದ್ದು" ಎಂದರು ಸರ್.

ಆ ಪುಟಕ್ಕೆ ನಾನೂ ಕೈ ಹಚ್ಚಲಿಲ್ಲ. ಕನ್ನಡದ ಗಂಧವೇ ಇಲ್ಲದ ಫಿಲಿಪಿನೋ ಹುಡುಗಿಯೊಬ್ಬಳನ್ನು ಕೂರಿಸಿ ಹಳೆಯ ಸಾಲನ್ನೇ ಅಂಟಿಸಿದರು. ಮ್ಯಾನೇಜರ್ ತಾನೇ ಸಹಿ ಹಾಕಿದ. ಸಂಚಿಕೆ ವೆಸ್ಟ್ ಬೇಯ ಹೋಟೆಲೊಂದರಲ್ಲಿ ಬಿಡುಗಡೆಯಾಯಿತು. ಶಾಲು, ಹಾರ, ಬಿರಿಯಾನಿ. ಒಂದು ನಿಮಿಷ ಮೌನವನ್ನೂ ಆಚರಿಸಿದರಂತೆ! ನಾನು ಹೋಗಲಿಲ್ಲ, ಹೋಗಿದ್ದರೆ ಮೌನ ಇರುತ್ತಿರಲಿಲ್ಲ.

ಸಹಿ ಹಾಕದ್ದಕ್ಕೆ ಫುಕನ್ ಸರ್ ಅವರ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ಮೊದಲು ನಮ್ಮ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿಗೆ ಊಟಕ್ಕೆ ಕರೆದೆವು. ನಾನು ಅಧ್ಯಕ್ಷರಿಗೆ ಹಿಡಿಶಾಪ ಹಾಕುತ್ತಲೇ ಬಡಿಸಿದೆ. ಅವರು ನಗುತ್ತಾ, "ಊಟಕ್ಕೂ ಕೋಪ ಸೇರಿಸಬೇಡ ಭೊಂಟಿ, ಖಾರ ಸಾಕಷ್ಟಿದೆ" ಎಂದರು. ಹೆಂಡತಿಯ ಬಗ್ಗೆ ಕೇಳಿದೆ. "ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬಾ ಅಂದಳು" ಎಂದರು. ಅಷ್ಟೇ.

ಊರಿಗೆ ಹೋದವರು ಗೆಳೆಯರ ಸಣ್ಣ ಪತ್ರಿಕೆಯೊಂದಕ್ಕೆ ಸೇರಿ, ನವೀನನ ಬಗ್ಗೆ ಬರೆದರು. ಒಂದು ಪ್ರತಿ ನನಗೆ, ಒಂದು ಸುಜಾತಾಳಿಗೆ ಕಳಿಸಿದರು. ಅವನ ಫೋಟೋ, ಪಕ್ಕದಲ್ಲಿ ಎರಡು ಪುಟ ಅಸ್ಸಾಮಿ ಬರಹ. ಬಿದ್ದು ಸತ್ತರೆಂದು ಅವಳು ಹೇಳಿದ್ದೆಲ್ಲ ಅದರಲ್ಲಿದೆ ಎಂದು ಸರ್ ಫೋನಿನಲ್ಲಿ ಹೇಳಿದರು.

ರಜೆಯಲ್ಲಿ ಊರಿಗೆ ಹೋದಾಗ ಸುಜಾತಾಳನ್ನು ನೋಡಲು ಹೋದೆ. ಅವಳು ಆ ಪತ್ರಿಕೆಯನ್ನು ತಂದು ನನ್ನ ಮಡಿಲಲ್ಲಿಟ್ಟಳು. ಅವಳ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇದನ್ನು ಅತ್ತೆಗೆ ತೋರಿಸಿದೆ ಅಕ್ಕಾ. 'ಎಂತ ಬರೆದಿದೆ ಓದು ನೋಡುವ' ಅಂದರು. ಆ ಭಾಷೆ ನಂಗೆ ಓದ್ಲಿಕ್ಕೆ ಬರ್ತದಾ? ಅವರು ಎಲ್ಲಿಯವರೋ, ನಮ್ಮ ಗುರ್ತ ಕೂಡ ಇಲ್ಲ, ಅವರು ಬರೆದರು. ಇಷ್ಟು ಜನ ನಮ್ಮವರು ಇದ್ದೀರಲ್ಲ ಅಲ್ಲಿ, ನಮ್ಮ ಭಾಷೆಯಲ್ಲಿ ಒಂದು ಸಾಲು ಬರಲಿಲ್ವಾ?"

ಜಗಳಕ್ಕೆ ಎಂದೂ ಮಾತು ಕಡಿಮೆಯಾಗದ ನಾನು ಅವಳ ಅಂಗಳದಲ್ಲಿ ತಲೆ ತಗ್ಗಿಸಿ ಕೂತೆ.

ಆ ಅಧ್ಯಕ್ಷರಿಗೆ ಆಮೇಲೆ ಊರಿನಲ್ಲಿ ಸನ್ಮಾನಗಳಾದವು. ಪತ್ರಿಕೆಗಳಲ್ಲಿ ಅವರ ಫೋಟೋ ನೋಡಿದಾಗಲೆಲ್ಲ ನನಗೆ ರಕ್ತ ಕುದಿಯುತ್ತದೆ. ಕುದಿದು ಏನು ಮಾಡಲಿ? ಅವರು ತೆಗೆಸಿದ ಆ ಸಾಲನ್ನು ಇಂದು ಇಲ್ಲಿ, ನಮ್ಮ ಭಾಷೆಯಲ್ಲಿ ಬರೆಯುತ್ತೇನೆ. ಸುಜಾತಾಳ ಅತ್ತೆಯವರೇ, ಯಾರಾದರೂ ಓದಿ ಹೇಳಿದರೆ ಕೇಳಿಸಿಕೊಳ್ಳಿ. ನಿಮ್ಮ ಮಗ ಕುಡಿದು ಸತ್ತದ್ದಲ್ಲ. ಕೆಲಸ ಮಾಡುತ್ತಿದ್ದಾಗ ಮೇಲಿನಿಂದ ಬಿದ್ದು ಸತ್ತ.